ಮ್ಯಾಟು ಹೊರುವವಳು

ವ್ಯಾಯಾಮದ ಪೀರಿಯಡ್ಡಿನಲ್ಲಿ ಕೈ ಮೇಲೆ ನಿಲ್ಲುವ ಪಾಠ ನಡೆದಿತ್ತು. ಎರಡೂ ಅಂಗೈ ನೆಲಕ್ಕೆ ಊರಬೇಕು, ಕಾಲನ್ನು ಮೇಲಕ್ಕೆ ಎಸೆಯಬೇಕು, ತಲೆಕೆಳಗಾಗಿ ನೆಟ್ಟಗೆ ನಿಲ್ಲಬೇಕು. ಎಸೆದ ಕಾಲನ್ನು ಹಿಡಿದುಕೊಳ್ಳಲು ಪಕ್ಕದಲ್ಲಿ ಇನ್ನೊಬ್ಬಳು ಇರಬೇಕು. ಇಲ್ಲದಿದ್ದರೆ ಬೆನ್ನು ಮುರಿಯುತ್ತದೆ. ತರಗತಿಯಲ್ಲಿ ಇಪ್ಪತ್ತನಾಲ್ಕು ಹುಡುಗಿಯರು. ಹನ್ನೆರಡು ಜೋಡಿಯಾಗಬೇಕು. ಹತ್ತು ಜೋಡಿಯಾಯಿತು, ಒಂದು ಕಡೆ ಮೂವರು ಸೇರಿಕೊಂಡರು, ಶೈಮಾ ಒಬ್ಬಳೇ ಉಳಿದಳು. ಅವಳ ಕಾಲು ಕಪ್ಪಗಿತ್ತು.

"ಶೈಮಾ, ನೀನು ಇವತ್ತು ನೋಡ್ಕೋ," ಎಂದರು ಫತ್ಹಿ ಮೇಷ್ಟ್ರು, ಅವಳ ಮುಖ ನೋಡದೆ.

"ನೋಡೋಕೆ ಶುರು ಮಾಡಿ ಮೂರು ತಿಂಗಳಾಯ್ತು ಸಾರ್."

"ನೋಡಿದ್ರೂ ಕಲಿಯಬಹುದು."

"ಹಾಗಾದ್ರೆ ಇವರೂ ನೋಡಿ ಕಲೀಲಿ ಸಾರ್. ಮೈ ಯಾಕೆ ನೋಯಿಸ್ಕೋಬೇಕು?"

ಹುಡುಗಿಯರು ನಕ್ಕರು. ಮೇಷ್ಟ್ರು ಸೀಟಿ ಊದಿದರು.

ಇದನ್ನೆಲ್ಲ ಮರ್ಜೂಗ ಕಕ್ಕಸಿನ ಬಾಗಿಲಲ್ಲಿ ನಿಂತು ನೋಡಿದಳು. ಅವಳ ಕೈಯಲ್ಲಿ ಬ್ಲೀಚಿಂಗ್ ನೀರಿನ ಬಕೆಟ್ಟು ಇತ್ತು. ಅವಳು ಶೈಮಾಳ ತಾಯಿ, ಆ ಶಾಲೆಯ ಕಸ ಗುಡಿಸುವವಳು. ಆರು ಕಕ್ಕಸು, ಹದಿನಾಲ್ಕು ಕೋಣೆ, ಒಂದು ಅಂಗಳ, ಎಲ್ಲ ಅವಳ ಪಾಲಿಗೆ. ಮರುಭೂಮಿಯ ಕಡೆಯಿಂದ ಗಾಳಿ ಬೀಸಿದ ದಿನ ಗುಡಿಸಿದ್ದನ್ನೇ ಮೂರು ಸಲ ಗುಡಿಸಬೇಕು. ಜಿಗಿತದ ಗುಂಡಿಗೆ ಮರಳು ಹೊರುವವಳು ಅವಳೇ, ಓಟದ ದಾರಿಗೆ ಸುಣ್ಣದ ಗೆರೆ ಎಳೆಯುವವಳೂ ಅವಳೇ. ಎಲ್ಲಕ್ಕಿಂತ ಕಷ್ಟದ್ದು ಮ್ಯಾಟು. ಎಂಟು ಮ್ಯಾಟು, ಚರ್ಮ ಹರಿದವು, ಒಳಗೆ ನಾರು ಗಂಟುಗಟ್ಟಿದವು, ಒಂದೊಂದೂ ಸತ್ತ ಕರುವಿನಷ್ಟು ಭಾರ. ಬೆಳಿಗ್ಗೆ ಉಗ್ರಾಣದಿಂದ ಅಂಗಳಕ್ಕೆ ಹೊರಬೇಕು, ಸಂಜೆ ವಾಪಸ್ಸು ಹೊರಬೇಕು. ಹುಡುಗರು ಹೊರಬಹುದಿತ್ತು. ಹೊರುವುದು ವ್ಯಾಯಾಮವಲ್ಲ ಎಂದು ಯಾರೋ ಯಾವಾಗಲೋ ತೀರ್ಮಾನ ಮಾಡಿಬಿಟ್ಟಿದ್ದರು. ಹನ್ನೊಂದು ವರ್ಷದಿಂದ ಆ ಎಂಟು ಮ್ಯಾಟುಗಳು ಅವಳ ಕತ್ತಿನ ಮೇಲೆ ಓಡಾಡುತ್ತಿದ್ದವು.

ಶೈಮಾಳಿಗೆ ಹತ್ತೊಂಬತ್ತು. ಹಳ್ಳದ ಆಚೆಯ ಕರಿಯರ ಕೇರಿಯಿಂದ ಕೊನೆಯ ತರಗತಿಯವರೆಗೆ ಬಂದ ಒಬ್ಬಳೇ ಹುಡುಗಿ. ಉಳಿದವರು ಯಾವಾಗಲೋ ಶಾಲೆ ಬಿಟ್ಟು ಯಾರದೋ ಮನೆಯ ಪಾತ್ರೆ ತಿಕ್ಕುತ್ತಿದ್ದಾರೆ. ಹೋದ ವರ್ಷ ಬಾಕ್‌ನಲ್ಲಿ, ಅಂದರೆ ಕಾಲೇಜಿಗೆ ದಾರಿ ಬಿಡುವ ಕೊನೆಯ ಪರೀಕ್ಷೆಯಲ್ಲಿ, ಅವಳು ಕೂದಲೆಳೆಯಲ್ಲಿ ಫೇಲಾದಳು. ಓದಿನಲ್ಲಿ ಅಲ್ಲ. ಬಾಕ್‌ಗೆ ವ್ಯಾಯಾಮದ ಪರೀಕ್ಷೆಯೂ ಉಂಟು, ಆ ಮಾರ್ಕೂ ಮೊತ್ತಕ್ಕೆ ಸೇರುತ್ತದೆ. ಓಟದಲ್ಲಿ, ಜಿಗಿತದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಓಡುವುದಕ್ಕೆ ಇನ್ನೊಬ್ಬರ ಕೈ ಬೇಡ. ಮ್ಯಾಟಿನ ಆಟಕ್ಕೆ ಬೇಕು. ತನ್ನದೇ ತರಗತಿಯ ಜೊತೆಗಾತಿ ಪಕ್ಕದಲ್ಲಿ ನಿಲ್ಲದಿದ್ದರೆ ಕೈ ಮೇಲೆ ನಿಲ್ಲಲು ಬಿಡುವಂತಿಲ್ಲ, ಹೊರಗಿನಿಂದ ಬಂದ ಪರೀಕ್ಷಕರು ಸೊನ್ನೆ ಹಾಕುತ್ತಾರೆ. ಹೋದ ವರ್ಷ ಹಾಕಿದ್ದರು. ಈ ವರ್ಷವೂ ಹಾಕಿದರೆ ಮುಗಿಯಿತು. ಮೂರನೆಯ ಸಲ ಕೂರಿಸುವುದಿಲ್ಲ.

ಮುಗಿದರೆ ಎಲ್ಲಿಗೆ ಎನ್ನುವುದೂ ಆಗಲೇ ನಿಶ್ಚಯವಾಗಿತ್ತು. ಬೂಗರ್ಸ್ ಮನೆಯ ದೊಡ್ಡ ಮಗಳಿಗೆ ಮದುವೆ ಗೊತ್ತಾಗಿತ್ತು. ಗಂಡಿನ ಮನೆ ಸ್ಫಾಕ್ಸ್ ಪಟ್ಟಣದಲ್ಲಿ. ಹೊಸ ಮನೆಗೆ ಒಂದು ಕೆಲಸದವಳು ಬೇಕು, ಪರೀಕ್ಷೆ ಮುಗಿದ ಮೇಲೆ ಶೈಮಾ ಹೋಗಲಿ, ಹೇಗೂ ಫೇಲಾಗುತ್ತಾಳೆ ಎಂದು ಮಾತಾಗಿತ್ತು. ಮಾತಾಡಿಕೊಂಡವರು ಅವರವರೇ. ಮರ್ಜೂಗಳನ್ನು ಕೇಳಿರಲಿಲ್ಲ. ಕೇಳುವ ಪದ್ಧತಿಯೇ ಇಲ್ಲ. ಬೂಗರ್ಸರು ಇವರ ಹಳೆಯ ಧಣಿಗಳು. ಮುತ್ತಜ್ಜನ ಕಾಲದಲ್ಲಿ ಇವರನ್ನು ಬಿಡುಗಡೆ ಮಾಡಿದರು. ಬಿಡುಗಡೆ ಮಾಡಿದ್ದು ಮರೆತುಹೋದೀತೆಂದು ಹೆಸರಿಗೇ ಅಂಟಿಸಿದರು. ಅತೀಕ್ ಬೂಗರ್ಸ್. ಬೂಗರ್ಸರು ಬಿಟ್ಟುಕೊಟ್ಟ ಆಳುಗಳು ಎಂದು ಅರ್ಥ. ಜನನಪತ್ರದಲ್ಲಿ ಹಾಗೇ ಇದೆ, ಶಾಲೆಯ ಹಾಜರಿಯಲ್ಲೂ ಹಾಗೇ ಇದೆ. ಬಣ್ಣ ನೋಡಿ ಹೀಗಳೆಯಬಾರದೆಂದು ರಾಜಧಾನಿಯಲ್ಲಿ ಕಾನೂನು ಆಗಿದೆಯಂತೆ. ಆ ಕಾನೂನು ಇನ್ನೂ ದಕ್ಷಿಣದ ಬಸ್ಸು ಹತ್ತಿಲ್ಲ.

ಮರ್ಜೂಗಳ ಗಂಡ ಸಾಲಿಮ್ ಗಾರೆ ಕೆಲಸಕ್ಕೆ ಲಿಬಿಯಾಕ್ಕೆ ಹೋದವನು ಹೆಣವಾಗಿಯೂ ಬರಲಿಲ್ಲ. ಅವಳಿಗಿರುವುದು ಈ ಒಬ್ಬ ಮಗಳು. ತಾನು ಹನ್ನೊಂದನೆಯ ವಯಸ್ಸಿಗೆ ಕಂಡವರ ಮನೆಯ ಮೂಲೆಯಲ್ಲಿ ಮಲಗಲು ಹೋದವಳು. ಆ ಮನೆಗಳಲ್ಲಿ ಏನೇನಾಯಿತೆಂದು ಅವಳು ಯಾರಿಗೂ ಹೇಳಿಲ್ಲ. ಮಗಳು ಅಲ್ಲಿಗೆ ಹೋಗಬಾರದು. ಅವಳ ತಲೆಯಲ್ಲಿದ್ದದ್ದು ಅದೊಂದೇ.

ಆ ಸಂಜೆ ಮೇಷ್ಟ್ರು ಸೈಕಲ್ಲಿನ ಬೀಗ ತೆಗೆಯುತ್ತಿದ್ದಾಗ ಅವಳು ಹತ್ತಿರ ಹೋದಳು.

"ಮೇಷ್ಟ್ರೇ, ವರ್ಷದ ಮೊದಲಲ್ಲಿ ನೀವೇ ಜೋಡಿ ಮಾಡಿ ಹೆಸರು ಓದ್ತಿದ್ರಿ. ಈಗ ಯಾಕೆ ಅವರವರೇ ಆರಿಸ್ಕೊಳ್ಳಿ ಅಂತೀರಿ?"

"ಒಬ್ಬರು ತಾಯಿ ಬಂದು ಗಲಾಟೆ ಮಾಡಿದ್ರಮ್ಮ. ತೊತ್ತಿನ ಮಗಳ ಕಾಲು ಹಿಡಿಯೋಕೆ ನನ್ನ ಮಗಳನ್ನ ಶಾಲೆಗೆ ಕಳಿಸಿಲ್ಲ ಅಂದ್ರು. ಹೆಡ್‌ಮಾಸ್ಟರ್ ಎದುರಿಗೇ ಅಂದ್ರು."

"ಹೆಡ್‌ಮಾಸ್ಟರ್ ಏನಂದ್ರು?"

"ಕಾಫಿ ತರಿಸಿದ್ರು."

ಮೇಷ್ಟ್ರು ಕರಾವಳಿಯ ಕಡೆಯವರು, ಕೆಟ್ಟವರಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಅಂಥವರಿಂದ ಹಾವು ಸತ್ತ ಉದಾಹರಣೆ ಇಲ್ಲ. ಅವರು ದನಿ ತಗ್ಗಿಸಿದರು.

"ಒಂದು ದಾರಿ ಇದೆ. ಮಣಿಕಟ್ಟು ನೋವು ಅಂತ ಡಾಕ್ಟರ ಹತ್ರ ಚೀಟಿ ತನ್ನಿ. ಮ್ಯಾಟಿನ ಆಟ ಬಿಟ್ಟುಬಿಡ್ತಾರೆ, ಓಟ ಜಿಗಿತದ ಮಾರ್ಕಲ್ಲೇ ಲೆಕ್ಕ ಹಾಕ್ತಾರೆ. ಪಟ್ಟಣದ ಅರ್ಧ ಹುಡುಗರು ಮಾಡೋದು ಅದನ್ನೇ. ಪರೀಕ್ಷೆ ಗುರುವಾರ. ಚೀಟಿ ಮುಂಚಿನ ಸೋಮವಾರದ ಒಳಗೆ ನನ್ನ ಕೈ ಸೇರಬೇಕು."

ಮರ್ಜೂಗ ಆಸ್ಪತ್ರೆಯ ಬೆಂಚಿನ ಮೇಲೆ ಅರ್ಧ ದಿನ ಕುಳಿತು ಚೀಟಿ ತಂದಳು. ಡಾಕ್ಟರು ಹುಡುಗಿಯನ್ನು ನೋಡಲೂ ಇಲ್ಲ. ಶೈಮಾ ಚೀಟಿ ನೋಡಿ ಕೆಂಡವಾದಳು.

"ನನಗೆ ಯಾವ ಕಾಯಿಲೆ ಇದೆ?"

"ಯಾವುದೂ ಇಲ್ಲ ಕಣೇ. ಬರೀ ನೆಪಕ್ಕೆ."

"ಕಾಯಿಲೆ ಇರೋದು ಅವರಿಗೆ. ಚೀಟಿ ಅವರ ಹೆಸರಲ್ಲಿ ಬರೆಸ್ಕೊಂಡು ಬಾ."

ಮರ್ಜೂಗ ಚೀಟಿಯನ್ನು ಮಡಚಿ ಎದೆಯೊಳಗೆ ಇಟ್ಟುಕೊಂಡಳು. ಅದಿದ್ದರೆ ಒಂದು ಧೈರ್ಯ. ಆದರೆ ಮಗಳ ಹಟಕ್ಕೆ ಸೋತು ಅವತ್ತಿನಿಂದಲೇ ಮನೆಯ ಅಂಗಳದಲ್ಲಿ ಅಭ್ಯಾಸ ಶುರುವಾಯಿತು. ಹುಲ್ಲಿನ ಹಾಸಿಗೆ ಹಾಸಿದರು, ಮೇಲೆ ಕುರಿಯ ತೊಗಲು ಹಾಸಿದರು. ಮಗಳು ಕಾಲೆಸೆದಳು. ತಾಯಿ ಹಿಡಿಯಲು ನಿಂತಳು. ಹಿಡಿಯುವುದೂ ಒಂದು ವಿದ್ಯೆ. ಎಲ್ಲಿ ನಿಲ್ಲಬೇಕು, ಯಾವಾಗ ಕೈ ಚಾಚಬೇಕು, ಅವಳಿಗೇನು ಗೊತ್ತು? ಮೊದಲನೆಯ ದಿನವೇ ಹಿಮ್ಮಡಿ ಬಂದು ಬಾಯಿಗೆ ಬಡಿಯಿತು. ಮುಂದಿನ ಹಲ್ಲು ಕಿತ್ತು ಅಂಗೈಗೆ ಬಂತು.

"ಅಯ್ಯೋ ಅಮ್ಮಾ!"

"ಸುಮ್ನಿರೇ. ಹೇಗೂ ಅಲ್ಲಾಡ್ತಿತ್ತು. ಇನ್ನೊಂದು ಸಲ ಎತ್ತು."

"ರಕ್ತ ಸುರೀತಿದೆ."

"ಒಂದು ಹಲ್ಲಿಗೆ ಒಂದು ಬಾಕ್ ಅಂದ್ರೆ ಅಗ್ಗವೇ. ಎತ್ತೇ ಕಾಲು!"

ಬಾವಿಯ ಹತ್ತಿರ ಹೆಂಗಸರು ಊದಿದ ತುಟಿ ನೋಡಿ, "ಯಾರೇ ಹೊಡೆದಿದ್ದು? ಗಂಡನೂ ಇಲ್ವಲ್ಲ," ಎಂದು ಕೆಣಕಿದರು. "ಸರ್ಕಾರ ಹೊಡೀತು," ಎಂದಳು ಮರ್ಜೂಗ. ಅವರು ನಕ್ಕರು, ಇವಳೂ ಸೆರಗು ಅಡ್ಡ ಹಿಡಿದು ನಕ್ಕಳು. ದಿನ ಕಳೆದಂತೆ ಅವಳ ಕೈ ಕಲಿಯಿತು. ಬ್ಲೀಚಿಂಗ್ ನೀರಿಗೆ ಒಡೆದು ಬಿರುಕುಬಿಟ್ಟ ಕೈಯದು, ಮಗಳ ಕಣಕಾಲನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸಿತು. ಶೈಮಾ ತಲೆಕೆಳಗಾಗಿ ನೆಟ್ಟಗೆ ನಿಂತಳು. ಎರಡು ಉಸಿರಿನ ಹೊತ್ತು ನಿಲ್ಲಬೇಕಾದಲ್ಲಿ ಹತ್ತು ಉಸಿರು ನಿಂತಳು. ಮರ್ಜೂಗಳಿಗೆ ಅಳು ಬಂತು. ಹಿಡಿದ ಕಾಲಿಗೇ ಮುಖ ಒತ್ತಿಕೊಂಡು ಅತ್ತಳು.

ಶಾಲೆಯ ನಿಜವಾದ ಮ್ಯಾಟಿನ ಮೇಲೂ ಒಮ್ಮೆ ಮಾಡಿ ನೋಡಬೇಕೆಂದು ಒಂದು ಸಂಜೆ ಎಲ್ಲರೂ ಹೋದ ಮೇಲೆ ಹಾಸಿದರು. ಹೆಡ್‌ಮಾಸ್ಟರ್ ಮುಂಸಿಫ್ ಮರೆತ ಫೈಲು ತರಲು ಬಂದವನು ನೋಡಿದ.

"ಏ ಮರ್ಜೂಗ, ಇದೇನು ನಿನ್ನ ಮನೆ ಅಂಗಳವಾ?"

"ಮಗಳಿಗೆ ಸ್ವಲ್ಪ ಅಭ್ಯಾಸ ಸಾರ್. ಪರೀಕ್ಷೆ ಇದೆಯಲ್ಲ. ಪರೀಕ್ಷೆ ದಿನ ನಾನೇ ಕಾಲು ಹಿಡೀಲಾ ಸಾರ್? ನನಗೆ ಬರತ್ತೆ."

"ನೀನು ವಿದ್ಯಾರ್ಥಿನಿಯಾ?"

"ಅಲ್ಲ ಸಾರ್."

"ಮತ್ತೆ? ಮ್ಯಾಟು ಎತ್ತಿಡು. ಚರ್ಮ ಹರಿದ್ರೆ ನಿನ್ನ ತಲೆ ಮೇಲೆ ಬರತ್ತೆ."

ಎಂಟೂ ಮ್ಯಾಟುಗಳು ದಿನವೂ ಅವಳ ತಲೆ ಮೇಲೆಯೇ ಬರುತ್ತಿದ್ದವು. ಹಾಗೆನ್ನಲು ಬಾಯಿ ಬರಲಿಲ್ಲ. "ಆಯ್ತು ಸಾರ್," ಎಂದಳು. ಶೈಮಾ ತಾಯಿಯ ಬಗ್ಗಿದ ಬೆನ್ನನ್ನೇ ನೋಡುತ್ತ ನಿಂತಿದ್ದಳು.

ಪರೀಕ್ಷೆಯ ಹಿಂದಿನ ಭಾನುವಾರ ಬೂಗರ್ಸ್ ಮನೆಯಲ್ಲಿ ಮದರಂಗಿ ಶಾಸ್ತ್ರ. ಅವರ ಮದುವೆಗೆ ಇವರ ಕೇರಿಯ ಹೆಂಗಸರು ಹೋಗಲೇಬೇಕು. ಕುಸ್‌ಕುಸ್ ರವೆ ಬೇಯಿಸಬೇಕು, ಕುರಿಯ ಕರುಳು ತೊಳೆಯಬೇಕು, ಡೋಲು ಬಡಿದು ಹಾಡಬೇಕು. ಕರಿಯ ಹೆಂಗಸಿನ ಕೈಯಿಂದ ಮದರಂಗಿ ಹಚ್ಚಿಸಿಕೊಂಡರೆ ಮದುಮಗಳಿಗೆ ದೃಷ್ಟಿ ತಾಗುವುದಿಲ್ಲವಂತೆ. ದೃಷ್ಟಿ ತೆಗೆಯಲು ಈ ಕೈ ಆಗುತ್ತದೆ. ಮರ್ಜೂಗ ಅತ್ತರಿನ ವಾಸನೆಯ ಕೋಣೆಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಕುಳಿತು ಮದುಮಗಳ ಕೈಕಾಲಿಗೆ ಹಚ್ಚಿದಳು. ಆಮೇಲೆ ಮದುಮಗಳ ತಂಗಿ ಇಸ್ರಾ ಬಂದು ಕಾಲು ಚಾಚಿದಳು. ಇಸ್ರಾ ಶೈಮಾಳ ತರಗತಿಯವಳು. ಮರ್ಜೂಗ ಆ ಕಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

"ದಾದಿ, ಕಚಗುಳಿ ಆಗ್ತಿದೆ, ಮೆಲ್ಲಗೆ."

"ಅಲ್ಲಾಡಬೇಡ ಚಿನ್ನ, ಗೆರೆ ಸೊಟ್ಟ ಆಗತ್ತೆ."

ಹಿಮ್ಮಡಿ ಮುಗಿಯಿತು, ಬೆರಳು ಮುಗಿಯಿತು. ಮೂರು ಗಂಟೆ ಹಿಡಿಯಿತು. ಮರ್ಜೂಗ ಸುತ್ತ ನೋಡಿದಳು. ಯಾರೂ ಇರಲಿಲ್ಲ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ."

"ಕೇಳು ದಾದಿ."

"ಗುರುವಾರ ನನ್ನ ಮಗಳು ಕಾಲು ಎತ್ತಿದಾಗ ನೀನು ಹಿಡ್ಕೋ ತಾಯಿ. ಎರಡೇ ಉಸಿರು. ಅಷ್ಟು ಮಾಡಿದ್ರೆ ಅವಳ ಜೀವನ ಆಗತ್ತೆ. ನಿನ್ನನ್ನ ಎತ್ತಿ ಆಡಿಸಿದ ಕೈ ಇದು, ಇದರ ಮುಖ ನೋಡಿ ಮಾಡು."

ಇಸ್ರಾ ಬಾಗಿಲ ಕಡೆ ಒಮ್ಮೆ ನೋಡಿದಳು. ಪಾಪ ಎನ್ನಿಸಿತೋ ಏನೋ, ಅವಳ ಕಣ್ಣೂ ತೇವವಾಯಿತು.

"ಹ್ಞೂಂ ದಾದಿ. ಅದ್ರಲ್ಲೇನು ಮಹಾ."

"ಅಲ್ಲಾಹನಾಣೆ?"

"ಅಲ್ಲಾಹನಾಣೆ."

ಮದರಂಗಿ ಹಸಿಯಾಗಿರುವಾಗ ಹಾಕಿದ ಆಣೆ ತಪ್ಪಿದರೆ ಮನೆ ಉಳಿಯುವುದಿಲ್ಲ ಎಂದು ಮರ್ಜೂಗಳ ತಾಯಿ ಹೇಳುತ್ತಿದ್ದಳು, ಅವಳ ತಾಯಿಯೂ ಹೇಳುತ್ತಿದ್ದಳು. ಬೂಗರ್ಸರ ಹೆಂಗಸರ ಬಾಯಲ್ಲೂ ಅದೇ ಮಾತು. ಮರ್ಜೂಗ ಹಳ್ಳ ದಾಟಿ ಓಡಿಕೊಂಡೇ ಮನೆಗೆ ಬಂದಳು.

"ಅವಳು ಬರಲ್ಲಮ್ಮಾ," ಎಂದಳು ಶೈಮಾ.

"ಹಸಿ ಮದರಂಗಿ ಮೇಲೆ ಆಣೆ ಹಾಕಿದಾಳೆ ಕಣೇ!"

"ಮದರಂಗಿ ಹಚ್ಚಿದ್ದು ನೀನು. ಅದು ಅವಳಿಗೆ ಕಾಲಿನ ಚೆಂದ, ಅಷ್ಟೇ."

"ಬಿಡ್ತು ಅನ್ನು. ಒಳ್ಳೇದಾಗೋ ಹೊತ್ತಲ್ಲಿ ಅಪಶಕುನ ಆಡಬೇಡ."

ಒಲೆಯಲ್ಲಿ ರೊಟ್ಟಿ ಬೇಯುತ್ತಿತ್ತು. ಎದೆಯೊಳಗಿನ ಚೀಟಿ ಇನ್ನೇಕೆ ಎಂದುಕೊಂಡಳು ಮರ್ಜೂಗ. ಆಣೆಯನ್ನೂ ನಂಬಿ ಚೀಟಿಯನ್ನೂ ಇಟ್ಟುಕೊಂಡರೆ ಆಣೆಗೆ ಅವಮಾನ. ಅವಳು ಅದನ್ನು ಒಲೆಗೆ ಹಾಕಿದಳು. ಸೋಮವಾರ ಮೇಷ್ಟ್ರು ಚೀಟಿ ಎಲ್ಲಿ ಎಂದಾಗ, "ಜೊತೆಗಾತಿಯ ಹೆಸರು ಬರ್ಕೊಳ್ಳಿ. ಇಸ್ರಾ ಬೂಗರ್ಸ್," ಎಂದು ಎದೆಯುಬ್ಬಿಸಿ ಹೇಳಿದಳು. ಮೇಷ್ಟ್ರು ಪೆನ್ನು ಎತ್ತಿ ಅವಳ ಮುಖ ನೋಡಿದರು. "ಯೋಚನೆ ಮಾಡಿದೀರಾ?" ಎಂದರು. "ಅಲ್ಲಾಹನಾಣೆ ಆಗಿದೆ ಮೇಷ್ಟ್ರೇ," ಎಂದಳು.

ಗುರುವಾರ ಬಂತು. ಏಪ್ರಿಲ್ ತಿಂಗಳ ಬಿಸಿಲು ಬೆಳಿಗ್ಗೆಯೇ ಚುರುಗುಟ್ಟುತ್ತಿತ್ತು. ವರ್ಷವರ್ಷವೂ ಮಾಡುವಂತೆ ಹುಡುಗರು ದೊಡ್ಡ ಬಟ್ಟೆಗೆ ಬಣ್ಣ ಬಳಿದು ಗೋಡೆಗೆ ಕಟ್ಟಿದ್ದರು, ಡೋಲು ಬಡಿದರು, ಕೆಂಪು ಹೊಗೆ ಬಿಟ್ಟರು. ತಾಯಂದಿರು ಗೋಡೆಯಾಚೆ ಸಾಲಾಗಿ ನಿಂತು ಫೋನು ಎತ್ತಿ ಹಿಡಿದಿದ್ದರು. ಅವರ ನಡುವೆ ಇಸ್ರಾಳ ತಾಯಿ ಲಲ್ಲಾ ಜನಾತ್ ಇದ್ದಳು. ಮರ್ಜೂಗ ನಸುಕಿನಲ್ಲೇ ಬಂದು ಎಂಟು ಮ್ಯಾಟು ಹೊತ್ತು ಹಾಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಪೊರಕೆ ಹಿಡಿದು ಅಂಚಿನಲ್ಲಿ ನಿಂತಿದ್ದಳು. ಒಬ್ಬೊಬ್ಬರ ಆಟ ಮುಗಿದ ಮೇಲೆ ಸರಿದ ಮ್ಯಾಟನ್ನು ಕೂಡಿಸುವುದು ಅವಳ ಕೆಲಸ.

ಓಟದಲ್ಲಿ ಶೈಮಾ ಎಲ್ಲರಿಗಿಂತ ಇಪ್ಪತ್ತು ಹೆಜ್ಜೆ ಮುಂದೆ ಬಂದಳು. ಜಿಗಿತದಲ್ಲಿ ಪರೀಕ್ಷಕಿ ಟೇಪನ್ನು ಎರಡು ಸಲ ಹಿಡಿದು ನೋಡಿದಳು. ಆಮೇಲೆ ಮ್ಯಾಟಿನ ಆಟ. ಪರೀಕ್ಷಕಿ ಪಟ್ಟಣದವಳು, ಕಪ್ಪು ಕನ್ನಡಕ ಹಾಕಿಕೊಂಡಿದ್ದಳು, ಬೇಗ ಮುಗಿಸಿ ಬಸ್ಸು ಹಿಡಿಯಬೇಕಿತ್ತು.

"ಶೈಮಾ ಬಿಂತ್ ಸಾಲಿಮ್, ಅತೀಕ್ ಬೂಗರ್ಸ್."

ಗೋಡೆಯಾಚೆ ಯಾರೋ ಕಿಸಕ್ಕೆಂದರು.

"ಜೊತೆಗಾತಿ?"

"ಇಸ್ರಾ ಬೂಗರ್ಸ್," ಎಂದು ಮೇಷ್ಟ್ರು ಓದಿದರು. ಪರೀಕ್ಷೆಯ ದಿನ ಮೇಷ್ಟ್ರು ಗೆರೆ ದಾಟಿ ಒಳಗೆ ಬರುವಂತಿಲ್ಲ. ಗೆರೆಯ ಆಚೆಯೇ ನಿಂತು ಓದಿದರು.

ಇಸ್ರಾ ಏಳಲಿಲ್ಲ. ಬಗ್ಗಿ ಷೂ ಲೇಸು ಬಿಚ್ಚಿದಳು, ಕಟ್ಟಿದಳು, ಮತ್ತೆ ಬಿಚ್ಚಿದಳು. ಒಮ್ಮೆ ಗೋಡೆಯ ಕಡೆ ನೋಡಿದಳು. ಲಲ್ಲಾ ಜನಾತ್ ಫೋನು ಕೆಳಗಿಳಿಸಿದಳು, ಅಷ್ಟೇ.

"ಯಾರಾದ್ರೂ ಬನ್ನಿ," ಎಂದಳು ಪರೀಕ್ಷಕಿ. "ಯಾರಾದ್ರೂ ಆಗತ್ತೆ."

ಇಪ್ಪತ್ತಮೂರು ಹುಡುಗಿಯರು. ಒಬ್ಬಳಿಗೆ ಆಗಲೇ ನೀರು ಕುಡಿಯಬೇಕಿತ್ತು, ಇನ್ನೊಬ್ಬಳಿಗೆ ಕೂದಲು ಕಟ್ಟಿಕೊಳ್ಳಬೇಕಿತ್ತು. ಡೋಲು ನಿಂತಿತು. ಶೈಮಾ ಮ್ಯಾಟಿನ ತುದಿಯಲ್ಲಿ ಬರಿಗಾಲಲ್ಲಿ ನಿಂತಿದ್ದಳು. ಮರ್ಜೂಗಳಿಗೆ ಒಲೆಗೆ ಹಾಕಿದ ಚೀಟಿ ನೆನಪಾಯಿತು. ನಾನು ಮುಂಡೆ, ನಾನು ಕತ್ತೆ, ನನ್ನ ಮಗಳನ್ನು ನಾನೇ ಸುಟ್ಟೆ ಎಂದುಕೊಂಡಳು.

"ನಾನು ಹಿಡೀತೀನಿ ಮೇಡಂ," ಎಂದಳು. "ನನಗೆ ಬರತ್ತೆ. ದಮ್ಮಯ್ಯ."

"ತರಗತಿಯವರೇ ಆಗಬೇಕು. ನಿಯಮ."

"ಏ, ನೀನು ಹಿಂದೆ ಸರಿ!" ಎಂದ ಮುಂಸಿಫ್. ಆಮೇಲೆ ಹೊರಗಿನವರ ಮುಂದೆ ಶಾಲೆಯ ಮಾನ ಹೋಗುತ್ತಿದೆ ಎನ್ನಿಸಿತೇನೋ, ದನಿ ಮೆತ್ತಗೆ ಮಾಡಿ, "ಇಸ್ರಾ, ಹೋಗಮ್ಮ, ಎರಡು ನಿಮಿಷ," ಎಂದ.

ಇಸ್ರಾ ಎದ್ದಳು. ನಡೆಯುತ್ತ ನಡೆಯುತ್ತ ಜಾಕೆಟ್ಟಿನ ತೋಳುಗಳನ್ನು ಕೆಳಕ್ಕೆ ಎಳೆದಳು. ಬೆರಳೂ ಕಾಣದ ಹಾಗೆ ಎಳೆದು ತೋಳಿನ ತುದಿಯನ್ನು ಒಳಗಿನಿಂದ ಮುಷ್ಟಿಯಲ್ಲಿ ಹಿಡಿದುಕೊಂಡಳು. ಹಾಗೆ ಬಂದು ಶೈಮಾಳ ಪಕ್ಕ ನಿಂತಳು.

ಮರ್ಜೂಗಳಿಗೆ ಹೋದ ಜೀವ ಬಂದಂತಾಯಿತು. ಬಂದಳಲ್ಲ! ಸಾಕು. ಅಷ್ಟು ಸಾಕು.

"ಕೈ ಹೊರಗೆ ತೆಗಿ," ಎಂದಳು ಶೈಮಾ.

"ಚಳಿ ಕಣೇ."

"ಓಡುವಾಗ ತೋಳು ಮೊಣಕೈ ಮೇಲಿತ್ತು. ತೆಗಿ ಕೈ."

"ನಾನು ಬಂದಿದ್ದೇ ಹೆಚ್ಚು," ಎಂದು ಇಸ್ರಾ ಪಿಸುಗುಟ್ಟಿದಳು. ಅವಳ ಕಣ್ಣಲ್ಲೂ ನೀರಿತ್ತು. "ಅಮ್ಮ ನೋಡ್ತಿದಾರೆ. ಮಾಡಿ ಮುಗಿಸೇ."

"ತೋಳಿದ್ರೆ ಏನೀಗ?" ಎಂದು ಪರೀಕ್ಷಕಿ ಗಡಿಯಾರ ನೋಡಿದಳು. "ಇನ್ನೂ ಹನ್ನೊಂದು ಜನ ಇದಾರೆ. ಮಾಡ್ತೀಯೋ ಇಲ್ವೋ?"

ಮರ್ಜೂಗ ಪೊರಕೆ ಬಿಸಾಡಿ ಓಡಿಬಂದಳು.

"ಮಾಡೇ ಮಗಳೇ! ತೋಳಲ್ಲೇ ಹಿಡೀಲಿ. ಇಕ್ಕಳದಲ್ಲಿ ಹಿಡಿದ್ರೂ ಹಿಡೀಲಿ, ನಿನಗೇನು? ಮಾರ್ಕು ತಗೋ!"

"ಬೇಡಮ್ಮಾ."

"ಸ್ಫಾಕ್ಸಿಗೆ ಹೋಗ್ತೀಯೇನೇ? ಕಂಡವರ ಎಂಜಲು ಬಳೀತೀಯೇನೇ? ನಿನಗೇನು ಗೊತ್ತು ಅಲ್ಲಿ ಏನು ಮಾಡ್ತಾರೆ ಅಂತ?" ಮರ್ಜೂಗ ಮಗಳ ಭುಜ ಹಿಡಿದು ಅಲ್ಲಾಡಿಸಿದಳು. ಕೆನ್ನೆಗೆ ಹೊಡೆಯಲು ಕೈಯೆತ್ತಿದಳು. ಗೋಡೆಯಾಚೆ ಫೋನುಗಳು ಮತ್ತೆ ಮೇಲೆದ್ದವು.

ಶೈಮಾ ಆ ಎತ್ತಿದ ಕೈಯನ್ನು ಹಿಡಿದುಕೊಂಡಳು. ಉಗುರಿನ ಸಂದಿಯಲ್ಲಿ ಇನ್ನೂ ಮದರಂಗಿ ಇತ್ತು.

"ಅಮ್ಮಾ, ಅವಳ ಕಾಲು ತೊಡೆ ಮೇಲಿಟ್ಕೊಂಡು ಮೂರು ಗಂಟೆ ಕೂತಿದ್ಯಲ್ಲ. ಆಗ ನೀನು ಕೈಗೆ ಬಟ್ಟೆ ಸುತ್ಕೊಂಡಿದ್ಯಾ?"

ಮರ್ಜೂಗಳ ಕೈ ತಾನಾಗಿ ಕೆಳಗೆ ಬಂತು.

ಶೈಮಾ ಇಸ್ರಾಳ ಕಡೆ ತಿರುಗಿದಳು. "ನನ್ನ ಮುಟ್ಟಬೇಡ. ಹೋಗು."

ಪರೀಕ್ಷಕಿ ಸೊನ್ನೆ ಬರೆದಳು. ಬರೆದದ್ದು ಮರ್ಜೂಗಳಿಗೆ ಕಾಣಿಸಿತು. ಓದು ಬಾರದವಳಿಗೂ ಸೊನ್ನೆ ಗೊತ್ತಾಗುತ್ತದೆ. ಹತ್ತೊಂಬತ್ತು ವರ್ಷ ಹಸಿದು ಸಾಕಿದ್ದು, ಹನ್ನೊಂದು ವರ್ಷ ಹೇಲು ತೊಳೆದದ್ದು, ಎಲ್ಲ ಅಲ್ಲಿಗೆ ಮುಗಿಯಿತು. ಅಳಬೇಕೆಂದುಕೊಂಡಳು. ಅಳು ಬರಲಿಲ್ಲ.

"ಮುಂದಿನವರು. ಇಸ್ರಾ ಬೂಗರ್ಸ್."

ಇಸ್ರಾಳ ಜೊತೆಗೆ ಮೂವರು ಹುಡುಗಿಯರು ಎದ್ದು ಬಂದರು. ಗೋಡೆಯಾಚೆ ಚಪ್ಪಾಳೆ ಬಿತ್ತು, ಡೋಲು ಶುರುವಾಯಿತು.

"ಮರ್ಜೂಗ, ಮ್ಯಾಟು ಸರಿ ಮಾಡು," ಎಂದ ಮುಂಸಿಫ್.

ಅವಳು ಬಗ್ಗಿದಳು. ಹನ್ನೊಂದು ವರ್ಷದ ಅಭ್ಯಾಸ, ಬೆನ್ನು ತಾನಾಗಿ ಬಗ್ಗಿತು. ಮ್ಯಾಟಿನ ಅಂಚು ಹಿಡಿದಳು. ಸರಿ ಮಾಡಲಿಲ್ಲ. ಎತ್ತಿದಳು. ಎತ್ತಿ ಕತ್ತಿನ ಮೇಲೆ ಹಾಕಿಕೊಂಡು ಗೋಡೆಯ ಮೂಲೆಗೆ ಹೋಗಿ ಧೊಪ್ಪೆಂದು ಹಾಕಿದಳು. ವಾಪಸ್ಸು ಬಂದು ಎರಡನೆಯದನ್ನು ಎತ್ತಿದಳು.

"ಏ! ಏನು ಮಾಡ್ತಿದೀಯಾ?"

"ಮ್ಯಾಟು ಹೊರೋದು ನನ್ನ ಕೆಲಸ ಅಲ್ವಾ ಸಾರ್? ಹೊರ್ತಿದೀನಿ."

"ತಲೆ ಕೆಟ್ಟಿದೆಯಾ? ಇಡು ಕೆಳಗೆ! ಕೆಲಸ ಹೋಗತ್ತೆ ನೋಡು!"

"ಹೋಗ್ಲಿ."

ಅಷ್ಟು ಚಿಕ್ಕ ಮಾತು ಅವಳ ಬಾಯಿಂದ ಮುಂಸಿಫ್ ಎಂದೂ ಕೇಳಿರಲಿಲ್ಲ. ಬಡವನ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ. ಹಾಗೆನ್ನುವವರು ಬಡವರಲ್ಲ. ಮರ್ಜೂಗಳ ದವಡೆಯಲ್ಲಿ ಹಲ್ಲು ಆಗಲೇ ಹೋಗಿತ್ತು. ಮೂರನೆಯ ಮ್ಯಾಟಿಗೆ ಅವಳ ಕಾಲು ನಡುಗಿತು. ನಾಲ್ಕನೆಯದರ ಇನ್ನೊಂದು ತುದಿಯನ್ನು ಶೈಮಾ ಹಿಡಿದಳು. ತಾಯಿ ಬೇಡವೆನ್ನಲಿಲ್ಲ. ಎಂಟೂ ಮ್ಯಾಟುಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದವು. ಅಂಗಳದ ನಡುವೆ ಬರೀ ಕಲ್ಲುಮಣ್ಣು ಉಳಿಯಿತು. ಅದರ ಮೇಲೆ ಯಾರ ಮಗಳೂ ತಲೆಕೆಳಗಾಗಿ ನಿಲ್ಲುವಂತಿರಲಿಲ್ಲ.

ಮರ್ಜೂಗ ಮ್ಯಾಟಿನ ರಾಶಿಯ ಮೇಲೆ ಹತ್ತಿ ಕುಳಿತಳು. ಶೈಮಾ ಪಕ್ಕದಲ್ಲಿ ಕುಳಿತಳು.

"ಎಬ್ಬಿಸ್ರೋ ಅವಳನ್ನ!" ಎಂದು ಮುಂಸಿಫ್ ಕೂಗಿದ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಎಬ್ಬಿಸಬೇಕಾದರೆ ಮುಟ್ಟಬೇಕು. ರಟ್ಟೆ ಹಿಡಿಯಬೇಕು, ಕಂಕುಳಿಗೆ ಕೈ ಹಾಕಬೇಕು, ಬೆವರು ಮೈಗೆ ಅಂಟಬೇಕು. ಒಬ್ಬನೂ ಅಲ್ಲಾಡಲಿಲ್ಲ. ಮುಂಸಿಫ್ ತಾನೇ ಬಂದ. ಎರಡೂ ಕೈ ಚಾಚಿದ. ಅವಳ ಭುಜದಿಂದ ಒಂದು ಗೇಣು ದೂರದಲ್ಲಿ ಆ ಕೈಗಳು ನಿಂತುಬಿಟ್ಟವು. ಗೋಡೆಯಾಚೆ ಅವನ ಹೆಂಡತಿಯೂ ಇದ್ದಳು.

"ಮುಟ್ಟಿ ಸಾರ್," ಎಂದಳು ಮರ್ಜೂಗ. "ಹಿಡಿದು ಎಳೀರಿ. ನಾನೇನೂ ಭಾರ ಇಲ್ಲ. ಈ ಒಂದು ಮ್ಯಾಟಿಗಿಂತ ಹಗುರ ಇದೀನಿ."

ಅವನು ಕೈ ಹಿಂದೆ ತೆಗೆದುಕೊಂಡ. "ಪೊಲೀಸರಿಗೆ ಫೋನು ಮಾಡಿ," ಎಂದು ಗುಮಾಸ್ತನಿಗೆ ಹೇಳಿದ. ಪೊಲೀಸರು ಬರುತ್ತಾರೆ, ಅವರು ಮುಟ್ಟುತ್ತಾರೆ, ಲಾಠಿಗೆ ಮೈಲಿಗೆಯಿಲ್ಲ ಎನ್ನುವುದು ಮರ್ಜೂಗಳಿಗೆ ಗೊತ್ತಿತ್ತು. ನಾಳೆಯಿಂದ ಕೆಲಸವಿಲ್ಲ, ಮಗಳಿಗೆ ಬಾಕ್ ಇಲ್ಲ ಎನ್ನುವುದೂ ಗೊತ್ತಿತ್ತು. ಶೈಮಾ ತಾಯಿಯ ಕೈಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು.

ಪರೀಕ್ಷಕಿ ಕಾಗದಗಳನ್ನು ಎದೆಗವಚಿಕೊಂಡು ಹತ್ತಿರ ಬಂದಳು.

"ನೋಡಮ್ಮಾ, ಇನ್ನೂ ಹನ್ನೊಂದು ಹುಡುಗಿಯರ ಭವಿಷ್ಯ ಇದು. ಮ್ಯಾಟು ಕೊಡು. ನನಗೆ ಹನ್ನೆರಡೂವರೆಗೆ ಬಸ್ಸಿದೆ. ನಾನೇನು ಬರೀಲಿ ಹೇಳು?"

"ಆಗಲೇ ಬರೆದ್ರಲ್ಲ ಮೇಡಂ, ನನ್ನ ಮಗಳ ಹೆಸರ ಮುಂದೆ," ಎಂದಳು ಮರ್ಜೂಗ. "ಅದನ್ನೇ ಕೆಳಗಿನವರೆಗೂ ಬರ್ಕೊಂಡು ಹೋಗಿ."